ನಡುವಿನ ಕುರ್ಚಿ

"ಇವತ್ತು ಬರೋರು ಯಾರೂ ಮುಟ್ಟಲ್ಲ ತಾನೆ?" ಜೆನೆಲಿನ್ ಮೂರನೆಯ ಸಲ ಕೇಳಿದಳು.

"ಯಾರೂ ಮುಟ್ಟಲ್ಲ ಕಣೆ. ಮಾತು ಕೊಟ್ಟಿದೀನಲ್ಲ," ಎಂದಳು ಪೆರ್ಲಿತಾ. ಹಾಗೆ ಮಾತು ಕೊಡಲು ತಾನ್ಯಾರು ಎಂಬ ಅಳುಕೂ ಜೊತೆಗೇ ಹುಟ್ಟಿತು. ಸೆಬು ನಗರದ ಆ ಆಶ್ರಯಮನೆಗೆ ಅವಳು ಮೇಲ್ವಿಚಾರಕಿಯಾಗಿ ಬಂದು ನಾಲ್ಕು ತಿಂಗಳಾಗಿತ್ತು. ಜೆನೆಲಿನ್ ಬಂದು ಮೂರು ವಾರ. ಬಂದರಿನ ಬಳಿಯ ಬಾರೊಂದರ ಮಹಡಿಯಿಂದ ಪೊಲೀಸರು ಬಿಡಿಸಿ ತಂದಿದ್ದ ಹತ್ತೊಂಬತ್ತರ ಹುಡುಗಿ. ಹದಿನಾರು ದಿನ ಗೋಡೆಗೆ ಬೆನ್ನು ಒತ್ತಿಕೊಂಡೇ ಮಲಗಿದ್ದಳು. ಒಂದು ಮಾತೂ ಆಡಿರಲಿಲ್ಲ. "ಈ ಮನೇಲಿ ನಿನ್ನನ್ನ ಕೇಳದೆ ಯಾರೂ ಮುಟ್ಟಲ್ಲ" ಎಂದು ಪೆರ್ಲಿತಾ ಹೇಳಿದ ಮರುದಿನ, ಗಂಜಿಯ ಬಟ್ಟಲು ಮುಂದಕ್ಕೆ ತಳ್ಳಿ, "ಉಪ್ಪು ಕಮ್ಮಿ" ಎಂದಿದ್ದಳು. ಆ ಎರಡು ಮಾತಿಗೆ ಪೆರ್ಲಿತಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಹತ್ತು ಗಂಟೆಗೆ ವ್ಯಾನ್ ಬಂತು. ಟೆನೆಸ್ಸಿಯ ಒಂದು ಚರ್ಚಿನ ಹನ್ನೊಂದು ಜನ. ಎಲ್ಲರದೂ ಒಂದೇ ನೀಲಿ ಅಂಗಿ. ವಾರದಲ್ಲಿ ಇಂಥ ನಾಲ್ಕು ಮನೆ ನೋಡಬೇಕಿತ್ತು ಅವರಿಗೆ. ಡಾರ್ಲಾ ಎಂಬ ದೊಡ್ಡ ಮೈಕಟ್ಟಿನ ಹೆಂಗಸು ಎರಡೂ ತೋಳು ಚಾಚಿ ನೇರ ಜೆನೆಲಿನ್ ಕಡೆಗೇ ನಡೆದಳು. ಪೆರ್ಲಿತಾ ನಡುವೆ ನುಗ್ಗಿ ತಾನೇ ತಬ್ಬಿಸಿಕೊಂಡಳು. ಅದು ಇಲ್ಲಿಯ ಪದ್ಧತಿಯಿರಬೇಕು ಎಂದು ಉಳಿದ ಹತ್ತು ಜನವೂ ಸಾಲಾಗಿ ಬಂದು ಅವಳನ್ನು ತಬ್ಬಿದರು.

"ಪಕ್ಕೆಲುಬು ಎಲ್ಲಾ ಇದಾವಾ, ಅಕ್ಕಾ?" ಮೂಲೆಯಿಂದ ಜೆನೆಲಿನ್ ಕೇಳಿದಳು.

"ಎರಡು ಹೋದ್ವು. ನಿನ್ನ ದೆಸೆಯಿಂದ್ಲೇ."

ಜೆನೆಲಿನ್ ನಕ್ಕಳು. ಈ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಬಂದವರು ಒಳ್ಳೆಯವರು. ಹಾಡಿದರು, ಕರಿದ ಬಾಳೆಹಣ್ಣು ತಿಂದು ಬೆರಳು ನೆಕ್ಕಿದರು, ಏನನ್ನೂ ಕೆದಕಿ ಕೇಳಲಿಲ್ಲ. ಹಾಗಾಗಿಯೋ ಏನೋ, ಗೋಡೆಗೆ ಒರಗಿಸಿದ ತನ್ನ ಕುರ್ಚಿಯಿಂದಲೇ ಜೆನೆಲಿನ್ ತನ್ನ ದ್ವೀಪದ ಹೆಸರು ಹೇಳಿದಳು, ಅಮ್ಮ ಮೀನು ಒಣಗಿಸುತ್ತಾಳೆ ಎಂದಳು. ತಂಡದ ಪಾಸ್ಟರ್ ವೇಯ್ನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಈ ಮಗಳಿಗಾಗಿ ಪ್ರಾರ್ಥನೆ ಮಾಡಬಹುದೇ ಎಂದು ಕೇಳಿದರು.

"ನಿನಗೋಸ್ಕರ ಪ್ರಾರ್ಥನೆ ಮಾಡ್ತಾರಂತೆ. ಆಗಬಹುದಾ?"

"ಮಾಡ್ಲಿ ಬಿಡಕ್ಕಾ. ಪ್ರಾರ್ಥನೆ ಏನು ಕಚ್ಚುತ್ತಾ?"

ಪೆರ್ಲಿತಾ, ಜೆನೆಲಿನ್ ಇಬ್ಬರೂ ಬೆಳೆದ ಊರುಗಳ ಇಗರ್ಜಿಗಳಲ್ಲಿ ಪಾದ್ರಿ ಪೀಠದ ಬಳಿ ನಿಲ್ಲುತ್ತಿದ್ದರು, ಜನ ಬೆಂಚಿನಲ್ಲಿ ಕೂರುತ್ತಿದ್ದರು. ಇದೂ ಹಾಗೇ ಎಂದುಕೊಂಡರು.

"ಕುರ್ಚಿ ನಡುವೆ ಹಾಕ್ಕೊಂಡು ಕೂರೋಕೆ ಹೇಳ್ತೀರಾ?" ಎಂದರು ಪಾಸ್ಟರ್. ಪೆರ್ಲಿತಾ ಹೇಳಿದಳು. ಅವರ ಇಂಗ್ಲಿಷನ್ನು ಹುಡುಗಿಗೂ ಹುಡುಗಿಯ ಮಾತನ್ನು ಅವರಿಗೂ ದಾಟಿಸುವುದಷ್ಟೇ ಆ ಬೆಳಗಿನ ಅವಳ ಕೆಲಸ. ಜೆನೆಲಿನ್ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಪೆರ್ಲಿತಾಳನ್ನು ನೋಡಿದಳು. ಆಮೇಲೆ ತಾನೇ ಕುರ್ಚಿ ಎತ್ತಿಕೊಂಡು ಹೋಗಿ ನಡುವೆ ಕುಳಿತಳು.

ಎಲ್ಲರೂ ಕಣ್ಣು ಮುಚ್ಚಿದರು. ಪೆರ್ಲಿತಾ ಕೂಡ. ಪ್ರಾರ್ಥನೆಯಲ್ಲಿ ಕಣ್ಣು ತೆರೆದು ಅವಳಿಗೆ ಚಿಕ್ಕಂದಿನಿಂದಲೂ ಅಭ್ಯಾಸವಿಲ್ಲ. ಪಾಸ್ಟರರ ಒಂದೊಂದು ವಾಕ್ಯವನ್ನೂ ಹಿಂದೆಯೇ ತಮ್ಮ ಭಾಷೆಗೆ ತಂದಳು. ತಂದೆಯೇ, ಈ ಮಗಳ ಸಂಕೋಲೆ ಮುರಿ. ತಂದೆಯೇ, ಇವಳ ಭಯವನ್ನು ತೆಗೆ. ನಡುವೆ ಹೆಜ್ಜೆಗಳು ಸರಿದಾಡಿದವು. ಸೆಕೆಗೆ ಯಾರೋ ಫ್ಯಾನಿನ ಕಡೆ ಹೋಗುತ್ತಿದ್ದಾರೆ ಎಂದುಕೊಂಡಳು. ಕುರ್ಚಿ ಕಿರುಗುಟ್ಟಿದಾಗ ಕಣ್ಣು ಬಿಟ್ಟಳು.

ಒಂಬತ್ತು ಜನ ಕುರ್ಚಿಯನ್ನು ಸುತ್ತುವರಿದಿದ್ದರು. ಜೆನೆಲಿನ್‌ಳ ತಲೆಯ ಮೇಲೆ, ಹೆಗಲ ಮೇಲೆ, ಬೆನ್ನ ಮೇಲೆ, ಮೊಣಕಾಲ ಮೇಲೆ ಕೈಗಳು. ಅವರ ಚರ್ಚಿನ ರೂಢಿ ಅದು: ಕಾಯಿಲೆಯವರಿಗೂ ಹಸುಗೂಸಿಗೂ ಹೀಗೆ ಕೈಯಿಟ್ಟೇ ಪ್ರಾರ್ಥಿಸುತ್ತಾರೆ. ಒಬ್ಬರ ಕಣ್ಣೂ ತೆರೆದಿರಲಿಲ್ಲ. ಹುಡುಗಿಯ ಮುಖ ಒಬ್ಬರಿಗೂ ಕಾಣುತ್ತಿರಲಿಲ್ಲ. ಅವಳೂ ಕಣ್ಣು ಮುಚ್ಚಿದ್ದಳು, ಅವರಂತಲ್ಲ, ರೆಪ್ಪೆ ಸುಕ್ಕುಗಟ್ಟುವಷ್ಟು ಬಿಗಿಯಾಗಿ. ಅಂಗೈ ಎರಡೂ ತೊಡೆಯ ಮೇಲೆ ಮಲಗಿದ್ದವು, ಯಾರದೋ ಕೈಗಳಂತೆ.

ನಿಲ್ಲಿಸಬೇಕು ಎಂದುಕೊಂಡಳು ಪೆರ್ಲಿತಾ. ಅರ್ಧ ಪ್ರಾರ್ಥನೆಯನ್ನು ಏನೆಂದು ನಿಲ್ಲಿಸುವುದು? ಯೋಚಿಸುತ್ತಿರುವಾಗಲೂ ಅವಳ ಬಾಯಿ ತನ್ನ ಪಾಡಿಗೆ ಅನುವಾದ ಮಾಡುತ್ತಲೇ ಇತ್ತು. ತಂದೆಯೇ, ನಿನ್ನ ಕೈ ಇವಳ ಮೇಲಿರಲಿ. ಆಮೆನ್.

"ಎಷ್ಟು ಶಾಂತವಾಗಿದಾಳೆ ನೋಡಿ," ಎಂದಳು ಡಾರ್ಲಾ, ಅಳುತ್ತ. ಕೈ ತೆಗೆಯಲಿಲ್ಲ. ಯಾರೂ ತೆಗೆಯಲಿಲ್ಲ.

ಕಣ್ಣು ಮುಚ್ಚಿಕೊಂಡೇ ಜೆನೆಲಿನ್ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಇನ್ನೂ ಎಷ್ಟು ಜನ ಇದಾರೆ?"

"ಏನಂದ್ಳು? ಏನಂದ್ಳು?" ಎಂದರು ಪಾಸ್ಟರ್.

ಪೆರ್ಲಿತಾ ಒಂದಕ್ಷರ ಬಿಡದೆ ಹೇಳಿದಳು. ಅಷ್ಟು ಹೇಳಿದರೆ ಸಾಕು, ಕೈಗಳು ತಾವಾಗಿಯೇ ಮೇಲೇಳುತ್ತವೆ ಎಂದು ನಂಬಿದ್ದಳು.

ಪಾಸ್ಟರರ ಮುಖ ಅರಳಿತು. "ಇಬ್ಬರೇ ಅಂತ ಹೇಳಿ! ಪಾಪ, ಜಾಗ ಸಾಲ್ದೆ ಬಾಗಿಲಲ್ಲೇ ನಿಂತ್ಬಿಟ್ಟಿದಾರೆ. ಬನ್ನಿ ಬ್ರದರ್, ಬನ್ನಿ. ಮಗು ನಿಮ್ಮನ್ನೂ ಕರೀತಿದೆ."

ಬಾಗಿಲ ಬಳಿಯಿದ್ದ ಇಬ್ಬರು ಗಂಡಸರು ಬೂಟು ಬಿಚ್ಚಿಟ್ಟು, ತಲೆ ತಗ್ಗಿಸಿಕೊಂಡು, ಸದ್ದಾಗದಂತೆ ಒಳಗೆ ಬಂದರು.