ತೋಳು ತುಂಬುವ ತಿಂಡಿ

ಐದನೆಯ ಮೊಟ್ಟೆ ಗಂಟಲ ಬಾಗಿಲಲ್ಲೇ ನಿಂತುಬಿಟ್ಟಿತು. ಒಳಗೂ ಹೋಗದು, ಹೊರಗೂ ಬಾರದು. ಕಡ್ಡಿ ಎಂದೇ ಹೆಸರಾದ ತೆಳ್ಳನೆಯ ತಮ್ಮ ಎರಡೂ ಕೈಯಲ್ಲಿ ಮೇಜು ಹಿಡಿದು ಕಣ್ಣುಗುಡ್ಡೆ ಮೇಲೆ ಮಾಡಿದ. ಹೊಲಿಗೆ ಯಂತ್ರದ ಮುಂದಿದ್ದ ಅಕ್ಕ ಎದ್ದು ಬಂದು ಬೆನ್ನಿಗೊಂದು ಗುದ್ದು ಕೊಟ್ಟಳು. ಮೊಟ್ಟೆ ಗುಳುಂ ಎಂದು ಇಳಿಯಿತು.

"ಈಗ ಕಾಳು," ಎಂದು ನೆನೆಸಿದ ಕಡಲೆಕಾಳಿನ ಬಟ್ಟಲು ತಳ್ಳಿದಳು.

"ಸಾಕು ಕಣಕ್ಕಾ. ಇನ್ನೊಂದ್ ಕಾಳು ತಿಂದ್ರೆ ಹೊಟ್ಟೆ ಒಡ್ದೋಗತ್ತೆ."

"ಒಡೀಲಿ, ಹೊಲೀತೀನಿ. ಟೈಲರ್ ಆಗಿರೋದು ಮತ್ಯಾಕೆ? ಬೆಳಗ್ಗೆ ಬೆಳಗ್ಗೆ ಪ್ರೋಟೀನ್ ಹೋದ್ರೇನೇ ಮೈ ಹತ್ತೋದು ಅಂತ ಡಾಕ್ಟ್ರು ಹೇಳಿಲ್ವೇನೋ?"

ಕಡ್ಡಿ ಚಿನ್ನದಂಗಡಿಯ ಬಾಗಿಲು ಕಾಯುವವನು. ಅವನ ಪಾಲಿಗೆ ಬಂದದ್ದು ಹಿಂದಿನ ಕಾವಲುಗಾರನ ಯೂನಿಫಾರ್ಮು. ಆ ಮಹಾಶಯ ಸೀನಿದರೆ ಬೀದಿಯ ಆ ತುದಿಯಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳು ಸಾಲಾಗಿ ಉರುಳುತ್ತಿದ್ದವಂತೆ. ಅದರೊಳಗೆ ಕಡ್ಡಿ ನಿಂತರೆ, ಗಾಳಿಗೆ ಅಂಗಿ ಉತ್ತರಕ್ಕೆ ತಿರುಗಿದರೂ ಅವನು ಮಾತ್ರ ಪೂರ್ವಕ್ಕೇ ಮುಖ ಮಾಡಿ ನಿಂತಿರುತ್ತಿದ್ದ. "ಅಂಗಡಿ ಬಟ್ಟೆ, ಕತ್ತರಿ ಹಾಕೋ ಹಾಗಿಲ್ಲ," ಎಂದಿದ್ದರು ಮ್ಯಾನೇಜರು. "ಒಂದು ತಿಂಗಳಲ್ಲಿ ನೀನು ಯೂನಿಫಾರ್ಮ್ ತುಂಬ್ಬೇಕು. ಇಲ್ಲಾಂದ್ರೆ ತುಂಬೋನ್ನ ಹುಡುಕ್ತೀನಿ." ಆ ತಿಂಗಳು ಇವತ್ತಿಗೆ ಮುಗಿದಿತ್ತು.

ಅಕ್ಕ ಟೇಪು ಹಿಡಿದು ತೋಳು ಅಳೆದಳು. ದಿನಾ ಬೆಳಗ್ಗೆ ಐದು ಮೊಟ್ಟೆ, ಬಟ್ಟಲು ಕಾಳು, ಚೊಂಬು ಹಾಲು. ಮೂವತ್ತು ದಿನ ತಿಂದೂ ತೋಳು ಒಂದು ನೂಲಿನಷ್ಟೂ ಏರಿರಲಿಲ್ಲ.

"ಅಷ್ಟೂ ಎಲ್ಲಿಗ್ ಹೋಯ್ತೋ?"

"ನಂಗೇನ್ ಗೊತ್ತು? ಬಾಯಿವರೆಗೆ ಮಾತ್ರ ನನ್ ಜವಾಬ್ದಾರಿ."

ಅಕ್ಕನ ಕಣ್ಣು ಕಾಳಿನ ಬಟ್ಟಲ ಮೇಲೆ ಬಿತ್ತು. ಆಮೇಲೆ ಎದ್ದು ಒಣ ಕಡಲೆಕಾಳಿನ ಡಬ್ಬವನ್ನೇ ಇಳಿಸಿದಳು. "ಒಳಗಿಂದ ಹತ್ತಲ್ಲ ಅಂದ್ರೆ ಹೊರಗಿಂದ ಹತ್ತಿಸೋಣ. ಬಿಚ್ಚು ಅಂಗಿ."

"ತುಂಬೋದಾದ್ರೆ ಬಟ್ಟೆ ಚೂರು ತುಂಬಕ್ಕಾ."

"ಮುಟ್ಟಿದ್ರೆ ಮೆತ್ತಗಿರತ್ತೆ, ದಿಂಬು ಅಂತ ಗೊತ್ತಾಗ್ಹೋಗತ್ತೆ. ಕಾಳು ನೋಡು, ಗಟ್ಟಿ. ಥೇಟ್ ಮಾಂಸಖಂಡ."

"ಮ್ಯಾನೇಜರು ಕೆಲಸದಿಂದ ತೆಗೆದ್ರೆ?"

"ಕತ್ತರಿ ಹಾಕ್ಬಾರ್ದು ಅಂದ್ರು. ಕಡಲೆ ಹಾಕ್ಬಾರ್ದು ಅಂದ್ರಾ?"

ಭುಜಕ್ಕೆರಡು ಕಾಳಿನ ಚೀಲ, ತೋಳಿಗೆರಡು, ಎದೆಗೊಂದು. ಅಕ್ಕ ಒಳಗಡೆಯಿಂದ ಹೊಲಿದು ಕೊಟ್ಟಳು. ಕಡ್ಡಿ ಅಂಗಡಿಯ ಬಾಗಿಲಲ್ಲಿ ನಿಂತಾಗ ಮ್ಯಾನೇಜರು ಬಂದು ತೋಳಿಗೆ ಬೆರಳಿಂದ ಚುಚ್ಚಿದರು.

"ಪರ್ವಾಗಿಲ್ವಲ್ಲೋ, ಕಲ್ಲಿದ್ದಂಗಿದೆ! ಬೆಳಗ್ಗೆ ಏನ್ ತಿಂತೀಯ?"

"ಕಡಲೆಕಾಳು ಸಾರ್, ನಮ್ಮಕ್ಕ ಕೊಡ್ತಾಳೆ."

"ಹೂಂ. ಸಂಜೆ ಬಾಗಿಲು ಹಾಕೋವಾಗ ಇನ್ನೊಂದ್ಸಲ ನೋಡಿ ಹೇಳ್ತೀನಿ." ಮ್ಯಾನೇಜರು ತಮ್ಮ ಕೋಟಿನ ಅಗಲವಾದ ಭುಜ ಕುಣಿಸುತ್ತಾ ಒಳಗೆ ಹೋದರು.

ಹತ್ತು ಗಂಟೆಗೆ ಮಳೆ ಶುರುವಾಯಿತು. ಬಾಗಿಲು ಬಿಟ್ಟು ಕದಲುವಂತಿಲ್ಲ. ಕಡ್ಡಿ ತೊಪ್ಪೆಯಾಗಿ ನೆಂದ. ಅವನ ಜೊತೆ ಕಾಳೂ ನೆನೆಯಿತು. ಹನ್ನೆರಡಕ್ಕೆ ತೋಳು ಬಿಗಿಯಾಯಿತು. ಎರಡಕ್ಕೆ ಎದೆ ಅವನಿಗಿಂತ ಒಂದು ಗೇಣು ಮುಂದೆ ನಿಂತಿತ್ತು. ಬಳೆ ಕೊಂಡು ಹೊರಗೆ ಬಂದ ಮುದುಕಿಯೊಬ್ಬಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ನಾನು ಒಳಗ್ ಹೋಗೋವಾಗ ಇದ್ದೋನು ನಿನ್ ತಮ್ಮನಾ?" ಎಂದು ಕೇಳಿದಳು. ನಾಲ್ಕಕ್ಕೆ ಕತ್ತು ಕಾಣೆಯಾಯಿತು. ಕೈಗಳು ಕೆಳಗಿಳಿಯಲೊಲ್ಲವು, ಬಂದವರನ್ನೆಲ್ಲ ಅಪ್ಪಿಕೊಳ್ಳಲು ಕಾದವನ ಹಾಗೆ ನಿಂತಿದ್ದ. ಗಿರಾಕಿಗಳು ಅಡ್ಡಡ್ಡ ನಡೆದು ಒಳಗೆ ಹೋದರು.

ಬಾಗಿಲು ಹಾಕುವ ಹೊತ್ತಿಗೆ ಮ್ಯಾನೇಜರು ಅವನನ್ನು ಒಳಗೆ ಕರೆದರು. ಕರೆದವರು ಹಾಗೇ ಬಾಯಿ ತೆರೆದುಕೊಂಡು ನಿಂತರು.

"ಬೆಳಗ್ಗೆ ತಿಂದಿದ್ದು ಇಷ್ಟ್ ಬೇಗ ಮೈಗೆ ಹತ್ತತ್ತೇನೋ?"

ಕಡ್ಡಿ ಅಭ್ಯಾಸಬಲದಿಂದ ಸಲ್ಯೂಟ್ ಹೊಡೆಯಲು ಕೈ ಎತ್ತಿದ. ಅಷ್ಟೇ ಸಾಕಾಯಿತು. ಢಬ್! ಭುಜ ಬಿರಿಯಿತು, ತೋಳು ಬಿರಿಯಿತು, ಎದೆ ಬಾಯಿ ಬಿಟ್ಟಿತು. ಉಬ್ಬಿದ ಕಾಳು ಜಡಿಮಳೆಯ ಹಾಗೆ ಸುರಿದು ನುಣುಪು ನೆಲದ ತುಂಬ ಉರುಳಿತು. ಒಂದೆರಡಕ್ಕೆ ಆಗಲೇ ಮೊಳಕೆಯ ಮೂತಿ ಬಂದಿತ್ತು. ಹರಿದ ಬಟ್ಟೆಯ ನಡುವೆ ಉಳಿದದ್ದು ಅದೇ ಹಳೇ ಕಡ್ಡಿ.

"ನನಗೇ ಟೋಪಿ ಹಾಕ್ತೀಯಾ?" ಮ್ಯಾನೇಜರ ಮುಖ ಕೆಂಪೇರಿತು. "ಸುಳ್ಳು ಮೈ ತೋರಿಸಿ ಕೆಲಸ ಉಳಿಸ್ಕೋತೀಯಾ? ನಡಿ ಆಚೆ!"

ಬಾಗಿಲ ಕಡೆ ಕೈ ತೋರಿಸುತ್ತಾ ಒಂದು ಹೆಜ್ಜೆ ಮುಂದಿಟ್ಟರು. ಹೆಜ್ಜೆ ಬಿದ್ದದ್ದು ಕಾಳಿನ ಮೇಲೆ. ಸರ್ರನೆ ಜಾರಿ ದೊಪ್ಪನೆ ಕುಳಿತರು. ಆ ಏಟಿಗೆ ಅವರ ಕೋಟಿನ ತೋಳಿನೊಳಗಿಂದ ಅರ್ಧಚಂದ್ರದಂಥ ದಪ್ಪ ಸ್ಪಂಜೊಂದು ಜಾರಿ ಕಾಳುಗಳ ನಡುವೆ ಬಿತ್ತು. ಕೋಟಿನ ಬಲಭುಜ ಸೊಪ್ಪಾಗಿ ಜೋತುಬಿತ್ತು.

ಇಬ್ಬರೂ ಅದನ್ನೇ ನೋಡಿದರು. ಕಡ್ಡಿ ಬಗ್ಗಿ ಎತ್ತಿಕೊಂಡು, ಅಂಟಿದ್ದ ಕಾಳು ಕೊಡವಿ, ಎರಡೂ ಕೈಯಲ್ಲಿ ಮರ್ಯಾದೆಯಿಂದ ನೀಡಿದ.

"ಸಾರ್, ನಿಮ್ಮ ಭುಜ."

ಮ್ಯಾನೇಜರು ಆಚೀಚೆ ನೋಡಿ ಭುಜವನ್ನು ಜೇಬಿಗೆ ತುರುಕಿಕೊಂಡರು.

"ನಾಳೆ ಟೈಮಿಗ್ ಸರಿಯಾಗಿ ಬಾ," ಎಂದರು ಮೆಲ್ಲಗೆ. "ನಿಮ್ಮಕ್ಕಂಗೆ ಹೇಳು, ಕಾಳು ಬಾಯಿಗೆ, ಸ್ಪಂಜು ಭುಜಕ್ಕೆ."