ಹೊಸ ಪೆಟ್ಟಿಗೆಗಳ ಪರೀಕ್ಷೆ

"ಥೂ, ನಿಲ್ಲಿಸೇ ಅದನ್ನ! ತಗಡಿನ ಡಬ್ಬದೊಳಗೆ ಬೆಕ್ಕು ಸಿಕ್ಕಿಕೊಂಡ ಹಾಗಿದೆ!"

ಶ್ರೀಪತಿ ಮುಖ ಸಿಂಡರಿಸಿದ. ಪರದೆಯ ಹಿಂದಿದ್ದ ಹೆಂಡತಿ ವಿನೋದಾ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿದಳು. ಬೈಸಿಕೊಂಡದ್ದು ಹಳೆಯ ಸ್ಪೀಕರ್ ಜೋಡಿ. ಹೋದ ವರ್ಷ ಇದನ್ನೇ ಗಂಧರ್ವರ ಗಂಟಲು ಎಂದು ಹೊಗಳಿ ಮನೆಗೆ ತಂದವನು ಇದೇ ಮಹಾಶಯ. ಅದಕ್ಕೆ ಹಿಂದಿನ ಜೋಡಿಯನ್ನೂ ಹೀಗೇ ಹೊಗಳಿದ್ದ, ಹೀಗೇ ಉಗಿದಿದ್ದ.

ಎಪ್ಪತ್ತೆರಡನೇ ಇಸವಿ. ತಿರುವನಂತಪುರದ ಉಳ್ಳೂರಿನ ಆ ಬಾಡಿಗೆ ಮನೆಯಲ್ಲಿ ಸ್ಪೀಕರ್ ಪರೀಕ್ಷೆ ಎಂದರೆ ಮಡಿಗಿಂತ ಕಟ್ಟುನಿಟ್ಟು. ಶ್ರೀಪತಿ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಪೆಟ್ಟಿಗೆಯ ಅಂದ ಕಂಡರೆ ಕಿವಿ ಮೋಸಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಹಾಗಾಗಿ ಪೆಟ್ಟಿಗೆ, ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ಎಲ್ಲವೂ ಪರದೆಯ ಹಿಂದೆ. ವೈರು ಬದಲಿಸಿ ಮುಳ್ಳು ಇಡುವುದು ವಿನೋದಾಳ ಪಾಲಿನ ಚಾಕರಿ. ಗಾಳಿಯ ಸದ್ದು ಬರಬಾರದೆಂದು ಮಧ್ಯಾಹ್ನದ ಸೆಕೆಯಲ್ಲೂ ಫ್ಯಾನ್ ಬಂದ್. ಕಣ್ಣೂ ಬಂದ್. ರೆಕಾರ್ಡು ಪ್ರತಿ ಸಲ ಅದೇ: ತಂಬೂರಿ, ಒಬ್ಬ ಹೆಂಗಸಿನ ಕಂಠ, ಮತ್ತೇನೂ ಇಲ್ಲ.

ಪರೀಕ್ಷೆಗೆ ಮುಂಚೆ ವಿನೋದಾಳ ಹೇರ್‌ಪಿನ್ನಿನಿಂದಲೇ ಕಿವಿಯ ಗುಗ್ಗೆ ತೆಗೆದು, ಒರೆಸದೆ ಅವಳ ಕೈಗೇ ಕೊಡುವುದು ಅವನ ಇನ್ನೊಂದು ಪದ್ಧತಿ. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯಾಚೆ ಎಸೆಯುತ್ತಿದ್ದಳು. ಇವತ್ತೂ ಎಸೆದಿದ್ದಳು.

ಹೊಸ ಜೋಡಿ ತಂದವನು ಮಟ್ಟಾಂಚೇರಿಯ ಹಳೆ ಸಾಮಾನಿನ ವ್ಯಾಪಾರಿ ರತ್ನಾಕರ. ಮೂಲ ಮಂಗಳೂರಿನ ಕಡೆಯವನು. ಇಂಗ್ಲೆಂಡಿಗೆ ವಾಪಸ್ಸು ಹೋದ ಚಹಾ ಕಂಪನಿಯ ದೊರೆಯೊಬ್ಬನ ಸ್ಪೀಕರುಗಳನ್ನು ಕಾರಿನಲ್ಲಿ ಹೇರಿಕೊಂಡು ಬಂದಿದ್ದ. ಬದಲಿಗೆ ಅವನಿಗೆ ಬೇಕಾದದ್ದು ವಿನೋದಾಳ ತಂಬೂರಿ. ಅವಳ ತಾಯಿ ಕೊಟ್ಟದ್ದು. ಹಲಸಿನ ಮರದ್ದು, ದಂತದ ಕುಸುರಿಯದ್ದು. ಯಾವುದೋ ಹೋಟೆಲಿನ ವರಾಂಡದಲ್ಲಿ ಹೂಕುಂಡದ ಪಕ್ಕ ನಿಲ್ಲಿಸುತ್ತಾರಂತೆ! ಪೆಟ್ಟಿಗೆ ಪಾಸಾದರೆ ತಂಬೂರಿ ಇವತ್ತೇ ಕಾರು ಹತ್ತುತ್ತದೆ. ಬೆಳಿಗ್ಗೆ ವಿನೋದಾ ಕೊನೆಯ ಸಲ ಶ್ರುತಿ ಮಾಡಿ, ಗವಸು ತೊಡಿಸಿ, ಪರದೆಯ ಹಿಂದೆ ಗೋಡೆಗೆ ಒರಗಿಸಿದ್ದಳು.

"ಅವರಿಗೆ ಬೇಜಾರಿಲ್ಲವಾ ಸಾರ್?" ರತ್ನಾಕರ ಮೆಲ್ಲಗೆ ಕೇಳಿದ.

"ಬೇಜಾರೇನು ಬಂತು? ಮದುವೆಯಾದ ಹೊಸದರಲ್ಲಿ ಇವಳ ಬಾಯಲ್ಲಿ ಒಂದು ಪಲ್ಲವಿ ಕೇಳಿದ್ದೆ. ಮೂಗಿನ ರಾಗ! ಅವತ್ತೇ ಸಾಕು ಅಂದೆ. ಕಿವಿ ಇರೋನು ಅದನ್ನ ಹೇಗೆ ಸಹಿಸ್ತಾನೆ ಹೇಳಿ."

ವಿನೋದಾಳಿಗೆ ಹೇಸಿಗೆಯಾಯಿತು. ಮೈಗಂಟಿದ ಅವನ ಒದ್ದೆ ಬನಿಯನ್, ಹೊರಗಿನವರ ಎದುರು ಆ ನಗು, ಯಾವುದೂ ಬೇಡವಾಯಿತು. ಅವಳು ಬಗ್ಗಿ ವೈರು ಬಿಚ್ಚತೊಡಗಿದಳು.

ಅಡುಗೆಮನೆಯ ಫ್ರಿಜ್ಜು ಒಮ್ಮೆ ಗಡಗಡಿಸಿ ಸುಮ್ಮನಾಯಿತು. ಪಕ್ಕದ ಮನೆಯ ಕಾಸರಗೋಡಿನ ಕುಸುಮಾವತಿಯ ರೇಡಿಯೋ ಕೂಡ ಬಾಯಿ ಮುಚ್ಚಿತು.

"ಸದ್ಯ! ಇವತ್ತಾದರೂ ಆಯಮ್ಮನಿಗೆ ಬುದ್ಧಿ ಬಂತು." ಶ್ರೀಪತಿ ಕಣ್ಣು ಮುಚ್ಚಿದ. "ವೈರು ಹಾಕಿದ್ಯಾ?"

"ಹಾಕಿದೆ."

"ಮುಳ್ಳಿಡು."

ಏನೂ ಕೇಳಿಸಲಿಲ್ಲ.

"ಏನೇ ಅದು?"

"ಒಂದ್ನಿಮಿಷ ಇರಿ."

ಬಟ್ಟೆ ಸರಿದ ಸದ್ದು. ಆಮೇಲೆ ತಂಬೂರಿ ಮೊಳಗಿತು. ಅದರ ಮೇಲೆ ಕಂಠ ಎದ್ದಿತು, ರೆಕಾರ್ಡಿನ ಅದೇ ಹಾಡು.

ಶ್ರೀಪತಿಯ ಬೆನ್ನು ನೆಟ್ಟಗಾಯಿತು. "ಆಹಾ! ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಸರಿಯಾಗಿ ನಡುವೆ ಕೂತು ಹಾಡ್ತಿದಾಳೆ! ಉಸಿರು ತಗೊಳ್ಳೋದೂ ಕೇಳಿಸ್ತಿದೆ ಕಣ್ರೀ! ರೆಕಾರ್ಡಿನ ಚಟಪಟ ಇಲ್ಲವೇ ಇಲ್ಲ. ಒಳ್ಳೆ ಸ್ಪೀಕರ್ ಕೊಳೆಯನ್ನೆಲ್ಲ ನುಂಗಿಬಿಡುತ್ತೆ!"

ಪರದೆಯ ಅಂಚಿಗೆ ಕುಳಿತಿದ್ದ ರತ್ನಾಕರ ಆ ಕಡೆ ಇಣುಕಿದ. ಮೆಲ್ಲಗೆ ತಲೆ ತಗ್ಗಿಸಿದ. ಹಾಡು ಮುಗಿಯುವವರೆಗೂ ಅವನು ತಲೆಯೆತ್ತಲಿಲ್ಲ.

ಹಾಡು ನಿಂತಾಗ ಶ್ರೀಪತಿಯ ಕಣ್ಣು ಒದ್ದೆಯಾಗಿತ್ತು. "ಕೇಳಿಸಿಕೊಂಡ್ಯಾ ವಿನೋದಾ? ಕಂಠ ಅಂದ್ರೆ ಇದು! ನೀನು ಏಳು ಜನ್ಮ ಎತ್ತಿದರೂ ಇದರ ಹತ್ತಿರ ಬರಲ್ಲ."

"ಇಂಥ ಕಂಠ ಮನೇಲಿದ್ದರೆ ದಿನಾ ಕೇಳ್ತೀರಾ?" ಪರದೆಯ ಹಿಂದಿನಿಂದ ಪ್ರಶ್ನೆ ಬಂತು.

"ಸಾಯೋವರೆಗೂ ಕೇಳ್ತೀನಿ! ರತ್ನಾಕರ, ಪಾಸು. ತಂಬೂರಿ ಎತ್ತಿಕೊಳ್ಳಿ."

ರತ್ನಾಕರ ಎದ್ದು ನಿಂತ. "ತಂಬೂರಿ ಬೇಡ ಸಾರ್. ಅದು ಇಲ್ಲೇ ಇರಲಿ. ಪೆಟ್ಟಿಗೆ ನಾನು ವಾಪಸ್ ತಕ್ಕೊಂಡು ಹೋಗ್ತೇನೆ."

"ಯಾಕ್ರೀ? ನೀವೂ ಕೇಳಿದಿರಲ್ಲ!"

"ಕೇಳಿದೆ ಸಾರ್. ಅದಕ್ಕೇ ಬೇಡ ಅಂತ ಹೇಳುವುದು."

"ಥೂ, ಮಾತಿಗೆ ತಪ್ಪೋ ಜನ! ಒಳ್ಳೆ ಮಾಲು ಅಂತ ಗೊತ್ತಾದ ಕೂಡಲೇ ಬುದ್ಧಿ ತೋರಿಸಿದಿರಿ!" ಅಸಹ್ಯದಿಂದ ಮೋರೆ ತಿರುಗಿಸಿ, ಬೆವರು ಒರೆಸಿಕೊಳ್ಳುತ್ತ ಶ್ರೀಪತಿ ಫ್ಯಾನಿನ ಸ್ವಿಚ್ಚು ಒತ್ತಿದ. ಮತ್ತೊಮ್ಮೆ ಒತ್ತಿದ.

ಕಿಟಕಿಯಾಚೆ, ಕಾಂಪೌಂಡಿನ ಮೇಲಿಂದ ಕುಸುಮಾವತಿ ಕೂಗಿದಳು: "ವಿನೋದಕ್ಕಾ, ಯಾಕೆ ನಿಲ್ಲಿಸಿದ್ದು? ಕರೆಂಟು ಬರುವವರೆಗಾದರೂ ಇನ್ನೊಂದು ಹಾಡಿ ಮಾರಾಯ್ರೆ!"