ಕರೆಯದೆ ಹೊಸ್ತಿಲು ದಾಟದವನು

ರಾಮರ್ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಅದರ ಪಕ್ಕದಲ್ಲೇ ಕುಳಿತ. ಬಾಗಿಲು ತೆರೆದಿತ್ತು. ಒಳಗಿನಿಂದ ಯಾರೂ "ಬಾ" ಅನ್ನಲಿಲ್ಲ. ಅನ್ನುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಸಿಂಗಪುರದಿಂದ ನಾಗಪಟ್ಟಣಕ್ಕೆ ಏಳು ದಿನದ ಹಡಗು, ಆಮೇಲೆ ಎರಡು ರೈಲು, ತೇನಿಯಿಂದ ಹನುಮಂತನಪಟ್ಟಿಗೆ ನಿಂತುಕೊಂಡೇ ಬಂದ ಬಸ್ಸು. ಇಷ್ಟಾದ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಅಣ್ಣ ಪೆರಿಯಸಾಮಿ ದ್ರಾಕ್ಷಿ ತೋಟದಿಂದ ಬಂದು, ಕಾಲು ತೊಳೆದು, ಒಂದು ಮಾರು ದೂರದಲ್ಲಿ ಕುಳಿತ. ರಾಮರ್ ಸಿಂಗಪುರದಲ್ಲಿ ಚೀನಾದ ಹೆಣ್ಣನ್ನು ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅವನನ್ನು ಒಳಗೆ ಕರೆದ ಮನೆಯೂ ಕುಲದಿಂದ ಹೊರಗೆ ಎಂದು, ತಮಿಳು ಸೀಮೆಯಲ್ಲಿದ್ದೂ ಮನೆಯಲ್ಲಿ ಕನ್ನಡವನ್ನೇ ಆಡುವ ಆ ಕುಲದ ದೊಡ್ಡವರು ಆಗಲೇ ಹೇಳಿಬಿಟ್ಟಿದ್ದರು. ಜಗಲಿಗೆ ಆ ಮಾತು ತಾಗುವುದಿಲ್ಲ. ಅದು ದಾರಿಹೋಕರಿಗೂ ಸೇರಿದ್ದು. ಪೆರಿಯಸಾಮಿ ಕೆಟ್ಟವನೇನಲ್ಲ. ಬರುವ ತಿಂಗಳು ಮಗಳು ವಳ್ಳಿಯ ಮದುವೆ. ಗಂಡಿನವರು ಮಾರ್ಕಯನ್‌ಕೋಟ್ಟೈಯವರು, ಸಣ್ಣದಕ್ಕೂ ಮುಖ ತಿರುಗಿಸುವ ಜನ.

"ವಾಪಸ್ ಹೋಗೋ ಬಸ್ಸು ಎಷ್ಟೊತ್ಗೆ?" ಒಂಬತ್ತು ವರ್ಷದ ಮೇಲೆ ಅಣ್ಣ ಕೇಳಿದ ಮೊದಲ ಮಾತು ಅದು.

"ನಾಲ್ಕು ಗಂಟೆಗಣ್ಣೇ."

ಒಳಗೆ ತಾಯಿ ರಂಗಮ್ಮಾಳ್ ಅವರೆಕಾಳಿನ ಹುಳಿ ಕುದಿಸುತ್ತಿದ್ದಳು. ಅದರ ವಾಸನೆಗೆ ಹೊಸ್ತಿಲು ದಾಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ರಾಮರ್ ಎರಡು ಸಲ ಉಗುಳು ನುಂಗಿದ.

ಸುಮ್ಮನೆ ಕೂರಲಾರದೆ ಪೆರಿಯಸಾಮಿ ಕೇಳಿದ: "ಸಾಯಂಕಾಲ ಅಲ್ಲಿ ಏನ್ ಮಾಡ್ತಿ?"

"ಟಿ.ವಿ. ನೋಡ್ತೀನಿ. ನಮ್ ಬೀದಿ ಸಂಘದಾಗೆ ಒಂದು ಇಟ್ಟವ್ರೆ. ಟೆಂಟ್ ಸಿನಿಮಾ ಹಂಗೆ ಪೆಟ್ಟಿಯೊಳಗೇ ಪಡ ಓಡ್ತದೆ, ಇನ್ನೂರು ಜನ ನೆಲದ್ಮ್ಯಾಲೆ ಕುಂತು ನೋಡ್ತೀವಿ."

ಮದರಾಸಿಗೇ ಇನ್ನೂ ಟಿ.ವಿ. ಬಂದಿರದ ಕಾಲ. ಪೆರಿಯಸಾಮಿ ನಂಬಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. "ಎಂಥಾ ಪಡ?" ಎಂದ.

"ಹೋದ ತಿಂಗ್ಳು ಒಂದು ಪೇಯಿ ಪಡ ಬಂತು, ದೆವ್ವದ್ದು. ಬಿಳೀರ ಹಳೇ ಕಥೆ ಪುಸ್ತಕ ಅಂತೆ, ಅದ್ನೇ ಆಡಿ ತೋರಿಸಿದ್ರು. ಒಬ್ಬ ಜಮೀನ್ದಾರ, ಸತ್ತೂ ಸತ್ತಿರಲ್ಲ. ಹಗಲೆಲ್ಲ ಪೆಟ್ಟೀಲಿ ಮಲಗ್ತಾನೆ, ಕತ್ತಲಾದ್ರೆ ಎದ್ದು ಬಂದು ಜನಗಳ ನೆತ್ರು ಕುಡೀತಾನೆ. ಹೆಂಗಸ್ರೆಲ್ಲ ಕಿರ್ಚಿದ್ರು."

"ಬಾಗ್ಲಿಗೆ ಬೀಗ ಹಾಕ್ಕೊಂಡ್ರೆ ಆಯ್ತಲ್ಲ?"

"ಬೀಗ ಏನೂ ಬೇಡಣ್ಣೇ. ಒಳಗಿನವ್ರು ಬಾ ಅಂತ ಒಂದ್ಸಾರಿ ಕರೀದೆ ಅವ ಹೊಸ್ತಿಲು ದಾಟಂಗಿಲ್ಲ."

ಒಳಗೆ ಸೌಟಿನ ಸದ್ದು ನಿಂತಿತು. ಆಗಲೇ ರಾಮರ್‌ಗೆ ತಾನು ಏನು ಹೇಳಿದೆನೆಂದು ಹೊಳೆದದ್ದು. ನಾಚಿಕೆಯಾಯಿತು, ಅದರ ಹಿಂದೆಯೇ ಅಳುವೂ ಬಂತು. ಅವನು ಪೆಟ್ಟಿಗೆಯ ಹಿಡಿಯನ್ನು ನೋಡುತ್ತ ಕುಳಿತ. ಪೆರಿಯಸಾಮಿ ಬೀದಿಯ ಕಡೆ ತಿರುಗಿದ.

"ಕರೀದೇ ಇದ್ರೆ?" ಬಾಗಿಲ ಹಿಂದಿನಿಂದ ರಂಗಮ್ಮಾಳ್ ಕೇಳಿದಳು. "ಎಷ್ಟೊತ್ತು ನಿಂತಿರ್ತಾನೆ ಅವ?"

"ಬೆಳಗಾಗೋ ತನ್ಕ ನಿಂತಿದ್ದು, ಹಂಗೇ ಹೋಗ್ತಾನವ್ವಾ."

"ಅವನ್ಗೆ ತಾಯಿ ಅವ್ಳಾ?"

"ಅದನ್ನ ಪಡದಾಗೆ ತೋರಿಸ್ಲಿಲ್ಲ."

ಒಳಗೆ ಒಲೆಯಿಂದ ಪಾತ್ರೆ ಇಳಿಸಿದ ಸದ್ದಾಯಿತು. ಆಮೇಲೆ ಹುಳಿಯ ಪಾತ್ರೆಯೊಂದು ಹೊಸ್ತಿಲ ಈಚೆಗೆ ಬಂದು ಕುಳಿತಿತು. ಅದರ ಪಕ್ಕಕ್ಕೆ ಅನ್ನದ ಪಾತ್ರೆ, ಎರಡು ಬಾಳೆ ಎಲೆ. ರಂಗಮ್ಮಾಳ್ ಬಾಗಿಲ ಚೌಕಟ್ಟು ಹಿಡಿದು, ಬಾತ ಮಂಡಿಗಳನ್ನು ಒಂದೊಂದಾಗಿ ಎತ್ತಿಟ್ಟು, ಹೊಸ್ತಿಲು ದಾಟಿ ಹೊರಗೆ ಬಂದಳು. ಅಷ್ಟಕ್ಕೇ ಅವಳಿಗೆ ಉಸಿರು ಸಾಲದಾಯಿತು. ಮಗನ ಪೆಟ್ಟಿಗೆಯನ್ನು ಆಚೆ ತಳ್ಳಿ, ಅದಿದ್ದ ಜಾಗದಲ್ಲಿ ಕುಳಿತು ಎರಡೂ ಎಲೆಗಳನ್ನು ಹಾಸಿದಳು.

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಪೆರಿಯಸಾಮಿ ಎದ್ದು ನಿಂತ. "ಅವ್ವಾ, ಏನಿದು? ವಳ್ಳಿ ಕಲ್ಯಾಣ ಐತೆ..."

ರಂಗಮ್ಮಾಳ್ ಮೊದಲು ರಾಮರ್‌ನ ಎಲೆಗೆ ಬಡಿಸಿದಳು, ಆಮೇಲೆ ತನ್ನ ಎಲೆಗೆ. ಹುಳಿಯಲ್ಲಿ ಅನ್ನ ಕಲೆಸುತ್ತ, ತಲೆ ಎತ್ತದೆ ಹೇಳಿದಳು:

"ಯಾರಾದ್ರೂ ಕೇಳಿದ್ರೆ ಹೇಳಪ್ಪಾ, ನಮ್ಮವ್ವ ಯಾರ್ನೂ ಒಳಿಕ್ಕೆ ಕರೀಲಿಲ್ಲ ಅಂತ."